ಎಲ್ಲ ತಟ್ಟೆಗೂ ಒಂದೇ ಕಡುಬು

ಕೇಕು ಕತ್ತರಿಸಿ ಮೇಣದಬತ್ತಿ ಆರಿಸುವ ಹುಟ್ಟುಹಬ್ಬ ಕಾರವಾರ, ಅಂಕೋಲೆಗಳ ಸಾಮಾನ್ಯ ಮನೆಗಳಿಗೆ ಬಂದದ್ದು ಈಚೆಗೆ. ಅದಕ್ಕೆ ಮೊದಲು ಮಗು ಹುಟ್ಟಿದ ದಿನವೆಂದರೆ ಪಂಚಾಂಗ ನೋಡಿ ತಿಥಿಯನ್ನೋ ನಕ್ಷತ್ರವನ್ನೋ ಗುರುತಿಸಿ, ಎಣ್ಣೆ ಹಚ್ಚಿ ಮೀಯಿಸಿ, ಹೊಸ ಅಂಗಿ ತೊಡಿಸಿ, ಆರತಿ ಎತ್ತಿ, ದೇವಸ್ಥಾನಕ್ಕೆ ಹೋಗಿಬಂದು ಪಾಯಸ ಉಣ್ಣುವುದು. ದೀಪ ಹಚ್ಚಬೇಕಾದ ದಿನ ದೀಪ ಆರಿಸುವುದೇ ಎಂದು ಹಳಬರು ಈಗಲೂ ಗೊಣಗುವುದುಂಟು.

ಹಾಗೆಂದು ಈ ಪದ್ಧತಿಗೂ ಕಾರವಾರಕ್ಕೂ ಹಳೆಯ ನಂಟೇ ಇಲ್ಲವೆನ್ನುವಂತಿಲ್ಲ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ ರವೀಂದ್ರನಾಥರು ಬಂದು ತಂಗಿದ್ದೂ, ಇಲ್ಲಿನ ಕಡಲತೀರಕ್ಕೆ ಅವರ ಹೆಸರಿರುವುದೂ ಊರಿನವರಿಗೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದು. ಮಕ್ಕಳ ಹುಟ್ಟುಹಬ್ಬ ಆಚರಿಸುವ ಇಂಗ್ಲಿಷ್ ರೂಢಿಯನ್ನು ಠಾಕೂರರ ಮನೆತನಕ್ಕೆ ತಂದವರು ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿ ಎಂದು ಆ ಮನೆತನದ ಕಥೆ ಬರೆದವರು ಹೇಳುತ್ತಾರೆ. 1877ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋಗಿಬಂದ ಧೀಮಂತೆ ಆಕೆ. ಅದೇ 1883ರಲ್ಲಿ, ಇದೇ ಪಡುವಣ ಕರಾವಳಿಯ ದಕ್ಷಿಣಕ್ಕೆ ತಲಶ್ಶೇರಿಯಲ್ಲಿ, ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆಗಾಗಿ ಕ್ರಿಸ್‌ಮಸ್ ಕೇಕು ಬೇಯಿಸಿಕೊಟ್ಟರು. ಭಾರತೀಯರೊಬ್ಬರು ಮಾಡಿದ ಮೊದಲ ಕೇಕು ಅದೆಂದು ಪ್ರತೀತಿ. ಉತ್ತರಕ್ಕೆ, ಕಾಳಿ ನದಿ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಗೋವೆಯಲ್ಲಂತೂ ಪೋರ್ಚುಗೀಜರ ಕಾಲದಿಂದ ಭಟ್ಟಿಯ ಪಾವು ದಿನನಿತ್ಯದ ಆಹಾರ.

ಹೀಗೆ ಎರಡೂ ಕಡೆಯಿಂದ ಬಂದ ಕೇಕಿನ ಮೂಲ ಸಾಮಗ್ರಿ ನಾಲ್ಕು: ಮೈದಾ, ಮೊಟ್ಟೆ, ಬೆಣ್ಣೆ, ಸಕ್ಕರೆ. ಸಕ್ಕರೆಯನ್ನು ಬಿಟ್ಟರೆ ಉಳಿದ ಮೂರೂ ಚಿಕ್ಕ ಮಕ್ಕಳ ಅಲರ್ಜಿಯ ಪಟ್ಟಿಯಲ್ಲಿ ಮೊದಲ ಸಾಲಿನವು. ಮೇಲೆ ಗೋಡಂಬಿ ಚೂರು ಉದುರಿಸಿದರೆ ನಾಲ್ಕನೆಯದೂ ಸೇರಿದಂತೆ. ಹತ್ತು ಮಕ್ಕಳು ಕೈ ಚಾಚುವ ತಟ್ಟೆಯ ಮುಂದೆ ಹನ್ನೊಂದನೆಯ ಮಗುವೊಂದು ಕೈ ಕಟ್ಟಿಕೊಂಡು ಕೂರಬೇಕಾಗುವುದು ಇದರಿಂದ. ಅದಕ್ಕೆ ಬೇರೆ ಪೊಟ್ಟಣದಲ್ಲಿ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಬಹುದು. ಆದರೆ ನಾಲ್ಕು ವರ್ಷದ ಮಗುವಿಗೆ ತನ್ನ ತಟ್ಟೆ ಬೇರೆಯಾಗಿದೆ ಎಂಬುದು ತಿಳಿಯದೆ ಹೋಗುವುದಿಲ್ಲ.

ಒಗ್ಗದ್ದು ಎಲ್ಲವೂ ಅಲರ್ಜಿಯಲ್ಲ

ಅಲರ್ಜಿ ಎಂಬ ಮಾತು ಹುಟ್ಟಿದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅದನ್ನು ಟಂಕಿಸಿದಾಗ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ಕಾವಲು ವ್ಯವಸ್ಥೆ, ನಿರುಪದ್ರವಿಯಾದ ಯಾವುದೋ ಆಹಾರದ ಪ್ರೋಟೀನನ್ನು ಶತ್ರುವೆಂದು ತಪ್ಪು ತಿಳಿದು ಮೇಲೆ ಬೀಳುವುದೇ ಆಹಾರದ ಅಲರ್ಜಿ. ತಿಂದ ಕೆಲವು ನಿಮಿಷಗಳಲ್ಲೇ, ಹೆಚ್ಚೆಂದರೆ ಒಂದೆರಡು ಗಂಟೆಗಳಲ್ಲಿ ಮೈಮೇಲೆ ದದ್ದು ಏಳಬಹುದು, ತುಟಿ ಊದಬಹುದು, ವಾಂತಿಯಾಗಬಹುದು, ಉಸಿರು ಕಟ್ಟಬಹುದು. ಎಷ್ಟು ತಿಂದರೆಂಬುದು ಇಲ್ಲಿ ಮುಖ್ಯವಲ್ಲ. ಚಮಚದ ತುದಿಯಲ್ಲಿ ಅಂಟಿದ್ದಷ್ಟೇ ಕೆಲವು ಮಕ್ಕಳಿಗೆ ಸಾಕು. ‘ಸ್ವಲ್ಪ ತಿಂದರೆ ಏನಾಗುತ್ತದೆ’ ಎಂದು ಪ್ರೀತಿಯಿಂದಲೇ ಕೇಳುವ ಅಜ್ಜಿಯರಿಗೆ ಇದನ್ನು ಮೊದಲು ತಿಳಿಸಿ ಹೇಳಬೇಕಾಗುತ್ತದೆ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಬೇರೆ. ಅದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಕಿರಿಕಿರಿಯದೇ ಹೊರತು ಪ್ರಾಣಾಂತಿಕವಲ್ಲ. ಗೋಧಿಯಲ್ಲಿನ ಗ್ಲುಟೆನ್ ಕರುಳಿನ ಒಳಪದರವನ್ನು ಮೆಲ್ಲಗೆ ಹಾಳು ಮಾಡುವ ಸೀಲಿಯಾಕ್ ರೋಗ ಮತ್ತೂ ಬೇರೆ. ಇದರ ಗುಟ್ಟನ್ನು ಹೊರಗೆಡವಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಅಲ್ಲಿ ಕ್ಷಾಮ ಬಿದ್ದು ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದು ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು; ಬ್ರೆಡ್ಡು ಮರಳಿ ಬಂದಾಗ ಮತ್ತೆ ಕಾಯಿಲೆ ಬಿದ್ದರು. ಗೋಧಿಯೇ ಕಾರಣವೆಂಬ ಡಿಕೆಯವರ ಹಳೆಯ ಸಂಶಯ ಇದರಿಂದ ಗಟ್ಟಿಯಾಯಿತು.

ಈಚೆಗೆ ಮಗು ಏನೋ ತಿಂದು ತುರಿಸಿಕೊಂಡರೂ ‘ಅಲರ್ಜಿ’ ಎಂದು ಹಣೆಪಟ್ಟಿ ಹಚ್ಚಿ ಹಾಲು, ಮೊಟ್ಟೆ, ಗೋಧಿ ಎಲ್ಲವನ್ನೂ ನಿಲ್ಲಿಸಿಬಿಡುವ ರೂಢಿ ಬೆಳೆಯುತ್ತಿದೆ. ಇದು ಸರಿಯಲ್ಲ. ಕರ್ನಾಟಕದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಸಂವೇದನೆ ತೋರಿಸಿದವರು ಶೇ 26.5ರಷ್ಟು, ತಿಂದು ನಿಜವಾಗಿ ತೊಂದರೆ ಪಡುವ ಸಂಭವವಿದ್ದವರು ಶೇ 1.2 ಮಾತ್ರ. ಶಾಲಾ ಮಕ್ಕಳ ಬಗೆಗಿನ 2020ರ ಇನ್ನೊಂದು ವರದಿಯಲ್ಲಿ ಹಾಂಗ್‌ಕಾಂಗ್‌ನ ಪ್ರಮಾಣ ಶೇ 1.5 ಇದ್ದರೆ ಭಾರತದ್ದು ಶೇ 0.14. ಅಂದರೆ ರಕ್ತ ಪರೀಕ್ಷೆಯ ಚೀಟಿಯೊಂದನ್ನೇ ನಂಬಿ ಬೆಳೆಯುವ ಮಗುವಿನ ಬಾಯಿ ಕಟ್ಟುವುದು ಅನ್ಯಾಯ. ಏನು ತಿಂದಾಗ ಏನಾಯಿತೆಂಬ ವಿವರವನ್ನೂ ಕೇಳಿ ವೈದ್ಯರು ನಿರ್ಧರಿಸಬೇಕು. ಹಾಲು, ಮೊಟ್ಟೆಗಳ ಅಲರ್ಜಿ ಅನೇಕ ಮಕ್ಕಳಿಗೆ ಬೆಳೆಯುತ್ತ ಬಿಟ್ಟುಹೋಗುವುದೂ ಉಂಟು. ನೆಲಗಡಲೆ, ಗೋಡಂಬಿಗಳದ್ದು ಅಷ್ಟು ಸುಲಭವಾಗಿ ಬಿಡುವಂಥದ್ದಲ್ಲ. ಆದರೆ ಸಂಖ್ಯೆ ಚಿಕ್ಕದೆಂಬುದು ಆ ಒಂದು ಮಗುವಿನ ತಾಯಿಗೆ ಸಮಾಧಾನದ ಮಾತಾಗದು.

ಹಸಿರು ಚುಕ್ಕೆ ಹೇಳದ ಮಾತು

ಮೊಟ್ಟೆಯಿಲ್ಲದ ಕೇಕು ಕಾರವಾರ, ಅಂಕೋಲೆಯ ಬೇಕರಿಗಳಿಗೆ ಹೊಸದಲ್ಲ. ‘ಎಗ್‌ಲೆಸ್’ ಎಂದು ಕೇಳಿದರೆ ಸಿಗುತ್ತದೆ. ಆದರೆ ಅದು ಹುಟ್ಟಿದ್ದು ಸಸ್ಯಾಹಾರಿಗಳಿಗಾಗಿ. ಅಲರ್ಜಿಯ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ. ಈ ಎರಡು ನಿಯಮಗಳ ಗೆರೆ ಬೇರೆ ಬೇರೆ ಕಡೆ ಹಾದುಹೋಗುತ್ತದೆ. ಮೊಟ್ಟೆ ತೆಗೆದ ಜಾಗದಲ್ಲಿ ಅನೇಕ ಕಡೆ ಡಬ್ಬಿಯ ಮಂದ ಹಾಲನ್ನೋ ಮೊಸರನ್ನೋ ಸುರಿದಿರುತ್ತಾರೆ. ಮೇಲಿನ ಬಿಳಿ ಕ್ರೀಮು ಹಾಲಿನದಲ್ಲ, ಎಣ್ಣೆಯದು ಎಂದು ಅಂಗಡಿಯವರು ಹೇಳಿದರೂ ಅದರಲ್ಲಿ ಹಾಲಿನಿಂದಲೇ ತೆಗೆದ ಸೋಡಿಯಂ ಕೇಸಿನೇಟ್ ಇರಬಹುದು. ಹಾಲಿನ ಅಲರ್ಜಿಯ ಮಗುವಿಗೆ ಬೇಡವಾದ ಪ್ರೋಟೀನು ಅದೇ. ಸಾಲದ್ದಕ್ಕೆ, ಮೊಟ್ಟೆಯ ಹಿಟ್ಟು ಕಲಸಿದ ಯಂತ್ರದಲ್ಲೇ ಇದನ್ನೂ ಕಲಸಿರುವುದು ಸಾಧ್ಯ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಅಷ್ಟೇ. ಅದು ಸಸ್ಯಾಹಾರವೆಂದು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ ಹಾಲು, ತುಪ್ಪ, ಗೋಡಂಬಿ, ಗೋಧಿ ಎಲ್ಲವೂ ಸಸ್ಯಾಹಾರ. ಓದಬೇಕಾದದ್ದು ಚುಕ್ಕೆಯನ್ನಲ್ಲ, ಚಿಕ್ಕ ಅಕ್ಷರದ ಸಾಲನ್ನು. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯಂಥ ಚಿಪ್ಪುಜೀವಿಗಳು, ನೆಲಗಡಲೆ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ ಇವು ಇದ್ದರೆ ತಯಾರಕರು ಬೇರೆಯಾಗಿ ಹೇಳಲೇಬೇಕು. ಎಳ್ಳು ಈ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ನಮೂದಿಸಬೇಕಾಗಿದೆ. ಎಳ್ಳುಂಡೆಯ ನಾಡಿನಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು.

ಇಲ್ಲೊಂದು ಸ್ವಾರಸ್ಯವಿದೆ. ಬೇರೆ ಪಾತ್ರೆ, ಬೇರೆ ಸೌಟು, ಮುಟ್ಟಿದರೆ ತೊಳೆದು ಮುಂದಿನ ಕೆಲಸ ಎಂಬ ಶಿಸ್ತು ಅಲರ್ಜಿಯ ಅಡುಗೆಯ ಜೀವಾಳ. ಇಂದಿನ ತಾಯಂದಿರಿಗೆ ವೈದ್ಯರು ಒತ್ತಿ ಹೇಳುವ ಈ ಶಿಸ್ತನ್ನು ನಮ್ಮ ಅಡುಗೆಮನೆಗಳು ಮಡಿಯ ಹೆಸರಿನಲ್ಲಿ ತಲೆಮಾರುಗಳಿಂದ ಪಾಲಿಸಿವೆ. ಏಕಾದಶಿಯ ಫಲಾಹಾರಕ್ಕೆ ಅನ್ನದ ಅಗುಳೂ ಸೋಕದಂತೆ ನೋಡಿಕೊಳ್ಳುವ ಮನೆಗೆ, ಶ್ರಾವಣದಲ್ಲಿ ಮೀನಿನ ಪಾತ್ರೆಯನ್ನು ಬೇರೆ ಎತ್ತಿಡುವ ಮನೆಗೆ ಈ ಪಾಠವನ್ನು ಹೊಸದಾಗಿ ಕಲಿಸಬೇಕಿಲ್ಲ. ಮಡಿಗೆ ಜಾತಿಯ ಕಟ್ಟುಪಾಡೂ ಅಂಟಿಕೊಂಡಿತ್ತು. ಅದನ್ನು ಬಿಟ್ಟು ಕೈಯ ಶಿಸ್ತನ್ನಷ್ಟೇ ಉಳಿಸಿಕೊಳ್ಳಬಹುದು. ಕಷ್ಟವಿರುವುದು ಬೇರೆಡೆ. ಮಡಿಯ ಲೆಕ್ಕದಲ್ಲಿ ಹಾಲು, ತುಪ್ಪ ಶುದ್ಧಾತಿಶುದ್ಧ. ಹುಟ್ಟುಹಬ್ಬದ ಬೆಳಿಗ್ಗೆ ದೇವಸ್ಥಾನದಲ್ಲಿ ಅಂಗೈಗೆ ಬೀಳುವ ಪಂಚಾಮೃತ, ಬಾಳೆ ಎಲೆಗೆ ಸವರುವ ತುಪ್ಪ ಇವುಗಳಿಂದ ಮಗುವಿಗೆ ಅಪಾಯವಾದೀತೆಂದು ಹಿರಿಯರಿಗೆ ತೋಚುವುದೇ ಇಲ್ಲ. ತುಪ್ಪ ಬರಿಯ ಕೊಬ್ಬು ನಿಜ, ಆದರೆ ಹಾಲಿನ ಪ್ರೋಟೀನಿನ ಅಂಶ ಅದರಲ್ಲಿ ಅಷ್ಟಿಷ್ಟು ಉಳಿದಿರುತ್ತದೆ.

ಕರಾವಳಿಯ ಹಬೆ

ಇನ್ನು ಏನು ಮಾಡಿ ಬಡಿಸಬೇಕೆಂಬುದು. ಪಾಶ್ಚಾತ್ಯ ಪುಸ್ತಕಗಳು ಕೇಕಿನಿಂದ ಮೊಟ್ಟೆ, ಬೆಣ್ಣೆ, ಮೈದಾಗಳನ್ನು ಒಂದೊಂದಾಗಿ ತೆಗೆದು, ಆ ಜಾಗಕ್ಕೆ ಏನೇನೋ ಪುಡಿಗಳನ್ನು ತುಂಬುವ ದಾರಿ ಹಿಡಿಯುತ್ತವೆ. ಕಾರವಾರ, ಅಂಕೋಲೆಯವರು ಅಷ್ಟು ಸುತ್ತಬೇಕಾಗಿಲ್ಲ. ಅಕ್ಕಿ, ತೆಂಗು, ಬೆಲ್ಲಗಳ ಈ ನಾಡಿನ ಹಳೆಯ ಸಿಹಿಗಳಲ್ಲಿ ಅನೇಕವು ಮೊದಲಿನಿಂದಲೂ ಹಾಲು, ಮೊಟ್ಟೆ, ಗೋಧಿ ಕಾಣದವು. ನಾಗರಪಂಚಮಿಗೆ ಅರಿಶಿನ ಎಲೆಯಲ್ಲಿ ಬೇಯಿಸುವ, ಕೊಂಕಣಿಗರು ಪಾತೋಳಿ ಎನ್ನುವ ಕಡುಬು, ಹಲಸಿನ ಹಣ್ಣಿನ ಕಡುಬು, ರಾಗಿಯ ಹಾಲು ಹಿಂಡಿ ಕಾಯಿಹಾಲು, ಬೆಲ್ಲ ಸೇರಿಸಿ ಕಾಸಿ ತಟ್ಟೆಗೆ ಹೊಯ್ದು ತುಂಡು ಮಾಡುವ ಮಣ್ಣಿ, ಇವೆಲ್ಲ ಆ ಸಾಲಿನವು. ಹಲ್ಲು ಪೂರ್ತಿ ಬಾರದ ಮಗುವಿಗೆ ಮಣ್ಣಿಗಿಂತ ಹದವಾದ ಸಿಹಿ ಸಿಗುವುದು ಕಷ್ಟ.

ಕೇಕಿನ ಆಕಾರಕ್ಕೆ ಎಲ್ಲಕ್ಕಿಂತ ಹತ್ತಿರ ಬರುವುದು ಸವತೆಕಾಯಿಯ ಕಡುಬು, ಕೊಂಕಣಿಯಲ್ಲಿ ತವಸಳಿ. ಒಂದು ಲೋಟ ಅಕ್ಕಿ ರವೆಯನ್ನು ಬೆಚ್ಚಗೆ ಹುರಿದಿಟ್ಟುಕೊಳ್ಳುವುದು. ಮಳೆಗಾಲದ ದೊಡ್ಡ ಸವತೆಕಾಯಿಯ ಸಿಪ್ಪೆ, ಬೀಜ ತೆಗೆದು ತುರಿದು, ನೀರು ಹಿಂಡದೆ ಒಂದೂವರೆ ಲೋಟ ಅಳೆದು, ಮುಕ್ಕಾಲು ಲೋಟ ಬೆಲ್ಲ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿಯೊಂದಿಗೆ ಒಲೆಯ ಮೇಲಿಟ್ಟು ಬೆಲ್ಲ ಕರಗಿ ಕುದಿ ಬಂದಾಗ ರವೆ ಸುರಿದು ಗಂಟಾಗದಂತೆ ತಿರುವಬೇಕು. ಮುದ್ದೆಯಾಗಿ ತಳ ಬಿಡುತ್ತಿದ್ದಂತೆ ಇಳಿಸಿ, ಕೊಬ್ಬರಿ ಎಣ್ಣೆ ಸವರಿದ ದುಂಡು ಪಾತ್ರೆಯಲ್ಲಿ ತಟ್ಟಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿದರಾಯಿತು. ಪೂರ್ತಿ ಆರಿದ ಮೇಲೆ ಮಗುಚಿದರೆ ಹೊಂಬಣ್ಣದ ದುಂಡು ಕೇಕೇ. ಬಿಸಿಯಲ್ಲಿ ಚೂರಿ ಹಾಕಿದರೆ ಪುಡಿಯಾಗುತ್ತದೆ. ರೂಢಿಯಲ್ಲಿ ಇದಕ್ಕೆ ಗೋಡಂಬಿ ಸೇರಿಸುತ್ತಾರೆ. ಬ್ರೆಜಿಲಿನಿಂದ ಪೋರ್ಚುಗೀಜರು ತಂದ ಗೇರು ಈ ಕರಾವಳಿಯ ಗುಡ್ಡಗಳಲ್ಲೆಲ್ಲ ಹಬ್ಬಿ, ಸಿಹಿಗಳಲ್ಲೆಲ್ಲ ಸೇರಿಕೊಂಡಿದೆ. ಅಲರ್ಜಿ ತರುವ ಬೀಜಗಳಲ್ಲಿ ಅದು ಬಲು ಉಗ್ರ. ಇಲ್ಲಿ ಅದನ್ನು ಬಿಡಬೇಕು. ಅಲರ್ಜಿ ಇಲ್ಲದಿದ್ದರೂ ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದ್ದೇ ಇದೆ.

ತೆಂಗು ಹೇಗೆ ಎಂಬ ಪ್ರಶ್ನೆ ಬರಬಹುದು. ತೆಂಗಿನ ಅಲರ್ಜಿ ಇಲ್ಲವೇ ಇಲ್ಲವೆಂದಲ್ಲ, ಬಲು ಅಪರೂಪ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬಹುಕಾಲ ತೆಂಗನ್ನು ಬಾದಾಮಿ, ಗೋಡಂಬಿಗಳ ಗುಂಪಿನಲ್ಲೇ ಎಣಿಸುತ್ತಿದ್ದು, 2025ರ ಜನವರಿಯಲ್ಲಿ ಅದನ್ನು ಆ ಪಟ್ಟಿಯಿಂದ ಕೈಬಿಟ್ಟಿತು. ಕರಾವಳಿಯ ಅಜ್ಜಿಯರು ಈ ತೀರ್ಮಾನಕ್ಕೆ ಕಾದು ಕೂತಿರಲಿಲ್ಲ ಎನ್ನಿ.

ಉಬ್ಬಿದ, ಮೆತ್ತಗಿನ ಕೇಕೇ ಬೇಕೆಂದು ಮಗು ಹಟ ಹಿಡಿದರೆ ಅದಕ್ಕೂ ದಾರಿಯಿದೆ. ಆದರೆ ಮೊದಲು ಕೇಕು ಉಬ್ಬುವುದು ಹೇಗೆಂದು ತಿಳಿದಿರಬೇಕು. ಸೋಡಾ ಹಾಕಿದಾಗ ಅನಿಲದ ಗುಳ್ಳೆ ಏಳುತ್ತದೆ. ಆ ಗುಳ್ಳೆ ಒಡೆಯದಂತೆ ಹಿಡಿದಿಡಲು ಬಲೆ ಬೇಕು. ಮೈದಾದಲ್ಲಿ ಗ್ಲುಟೆನ್ನಿನ ಎಳೆಗಳು, ಮೊಟ್ಟೆಯಲ್ಲಿ ಕಾವಿಗೆ ಗಟ್ಟಿಯಾಗುವ ಪ್ರೋಟೀನು ಆ ಬಲೆ ಹೆಣೆಯುತ್ತವೆ. ಅಕ್ಕಿಹಿಟ್ಟಿಗೆ ಆ ಶಕ್ತಿಯಿಲ್ಲ. ಅದಕ್ಕೇ ಪಶ್ಚಿಮದವರು ಬ್ಯಾಕ್ಟೀರಿಯಾದಿಂದ ತಯಾರಿಸಿದ ಕ್ಸಾಂಥನ್ ಎಂಬ ಅಂಟನ್ನು ಕೊಂಡು ಹಾಕುತ್ತಾರೆ. ನಮ್ಮಲ್ಲಿ ಆ ಕೆಲಸ ಮಾಡುತ್ತ ಬಂದದ್ದು ಉದ್ದು. ರುಬ್ಬಿದ ಉದ್ದಿನ ಲೋಳೆ ಮತ್ತು ಪ್ರೋಟೀನು, ಹುಳಿ ಬರುವಾಗ ಹುಟ್ಟುವ ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತವೆ. ಇಡ್ಲಿ ಉಬ್ಬುವುದು ಹಾಗೆ. ಹಬೆಯಲ್ಲಿ ಬೆಂದ, ಬೆಲ್ಲ-ಕಾಯಿಹಾಲು ಸೇರಿದ ಸಿಹಿ ಇಡ್ಲಿಯ ಹಿಟ್ಟನ್ನು ದೊಡ್ಡ ತಟ್ಟೆಯಲ್ಲಿ ಹೊಯ್ದರೆ ಅದೇ ಕೇಕು. ಉದ್ದು ದ್ವಿದಳ ಧಾನ್ಯವಾದ್ದರಿಂದ, ನೆಲಗಡಲೆ ಆಗದ ಮಗುವಿಗೆ ಅದು ಮೊದಲಿನಿಂದ ಒಗ್ಗಿದೆಯೇ ಎಂದು ನೋಡಿಕೊಂಡರೆ ಸಾಕು.

ಒವನ್ ಇರುವವರು ಹೀಗೂ ಮಾಡಬಹುದು. ಒಂದು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ರಾಗಿಹಿಟ್ಟು, ಒಂದು ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ ಜರಡಿ ಹಿಡಿದು, ಕಿವುಚಿದ ಮೂರು ಕಳಿತ ಬಾಳೆಹಣ್ಣು, ಮುಕ್ಕಾಲು ಲೋಟ ಬೆಲ್ಲದ ಪುಡಿ, ಕಾಲು ಲೋಟ ಕೊಬ್ಬರಿ ಎಣ್ಣೆ, ಹಿಟ್ಟಿನ ಹದಕ್ಕೆ ಬೇಕಾದಷ್ಟು ಕಾಯಿಹಾಲು ಕಲಸಿ, ಕೊನೆಯಲ್ಲಿ ಒಂದು ದೊಡ್ಡ ಚಮಚ ನಿಂಬೆರಸ ಹಿಂಡಿ, ಕೂಡಲೇ 180 ಡಿಗ್ರಿ ಕಾವಿನಲ್ಲಿ 35-40 ನಿಮಿಷ ಬೇಯಿಸುವುದು. ಹುಳಿಗೂ ಸೋಡಾಕ್ಕೂ ಕೂಡಿದ ಗಳಿಗೆಯಲ್ಲೇ ಗುಳ್ಳೆ ಏಳುವುದರಿಂದ ತಡ ಮಾಡುವಂತಿಲ್ಲ. ಮೇ ತಿಂಗಳಲ್ಲಿ ಹುಟ್ಟಿದ ಮಗುವಾದರೆ ಬಾಳೆಹಣ್ಣಿನ ಜೊತೆಗೆ ಅಂಕೋಲೆಯ ಕರಿ ಈಶಾಡು ಮಾವಿನ ತಿರುಳೂ ಸೇರಲಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಈ ತೆಳುಸಿಪ್ಪೆಯ ಹಣ್ಣಿಗೆ ಅದಕ್ಕಿಂತ ಒಳ್ಳೆಯ ಉಪಯೋಗ ಹಾಗೆಯೇ ತಿನ್ನುವುದೊಂದೇ. ಒವನ್ ಇಲ್ಲದ ಕಾಲದಲ್ಲಿ ದಪ್ಪ ತಳದ ಪಾತ್ರೆಯನ್ನು ಒಲೆಯ ಮೇಲಿಟ್ಟು ಮುಚ್ಚಳದ ಮೇಲೂ ಕೆಂಡ ಹರವುವ ಕ್ರಮ ಈ ಕರಾವಳಿಯಲ್ಲಿತ್ತು. ಕೆಳಗಿನ ಮತ್ತು ಮೇಲಿನ ಕಾವಿನಲ್ಲಿ ಬೇಯಿಸುವ ವಿದ್ಯೆ ಒವನ್ನಿನ ಜೊತೆ ಬಂದದ್ದಲ್ಲ.

ಮೇಲಿನ ಅಲಂಕಾರಕ್ಕೆ ಗಟ್ಟಿ ಕಾಯಿಹಾಲು, ಬೆಲ್ಲದ ಪಾಕ, ದಾಳಿಂಬೆ ಕಾಳು ಸಾಕು. ವರ್ಷ ತುಂಬದ ಮಗುವಿಗೆ ಜೇನು ಮಾತ್ರ ಕೂಡದು. ಅದು ಅಲರ್ಜಿಯ ಮಾತಲ್ಲ. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಎಳೆಗೂಸುಗಳಿಗೆ ಬಾಟುಲಿಸಂ ಎಂಬ ವಿಷಬಾಧೆ ತಗಲುವ ಅಪಾಯ.

ಸಾಮಗ್ರಿ ಸರಿಯಿದ್ದರೂ ಎಡವುವ ಜಾಗಗಳು ಕೆಲವಿವೆ. ಮೊದಲನೆಯದು ಗಿರಣಿ. ಮುಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ಅಕ್ಕಿ ಸುರಿದರೆ ಹಿಟ್ಟಿನಲ್ಲಿ ಗೋಧಿ ಬೆರೆತೇ ಬರುತ್ತದೆ. ಸೀಲಿಯಾಕ್ ಇರುವ ಮಗುವಿಗೆ ಅಕ್ಕಿಯನ್ನು ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುವುದು ಲೇಸು. ಅಂಗಡಿಯ ಇಂಗು ಇನ್ನೊಂದು. ಅದರಲ್ಲಿ ಹೆಚ್ಚಿನಂಶ ಹಿಟ್ಟೇ, ಎಷ್ಟೋ ವೇಳೆ ಗೋಧಿಯ ಹಿಟ್ಟು. ಸಿಹಿಗೆ ಇಂಗು ಬೇಡ ನಿಜ, ಜೊತೆಗಿನ ಚುರುಮುರಿಗೆ ಬೀಳುತ್ತದಲ್ಲ. ಮೀನೂರುಗಳಲ್ಲಿ ಮೂರನೆಯದು ಬಾಣಲೆ. ನಿನ್ನೆ ಸೀಗಡಿ ಕರಿದ ಎಣ್ಣೆಯಲ್ಲಿ ಇಂದು ಹಪ್ಪಳ ಕರಿದರೆ, ಸೀಗಡಿ ಆಗದ ಮಗುವಿಗೆ ಹಪ್ಪಳವೇ ಸೀಗಡಿ. ಕಾವಿಗೆ ಆ ಪ್ರೋಟೀನು ಹಾಳಾಗುವುದಿಲ್ಲ.

ಹೀಗಿರುವಾಗ ಅಲರ್ಜಿಯ ಮಗುವಿಗೊಂದು, ಉಳಿದವರಿಗೊಂದು ಎಂದು ಎರಡು ಬಗೆ ಮಾಡುವುದಕ್ಕಿಂತ ಎಲ್ಲರಿಗೂ ಒಂದೇ ಮಾಡುವುದು ಸುಲಭವೂ ಹೌದು, ಕ್ಷೇಮವೂ ಹೌದು. ಎರಡು ಬಗೆಯಿದ್ದಲ್ಲಿ ಕೈ ತಪ್ಪುತ್ತದೆ. ಪಕ್ಕದ ಮಗು ಪ್ರೀತಿಯಿಂದ ತನ್ನ ಚೂರನ್ನು ಬಾಯಿಗಿಡುತ್ತದೆ. ಬಾಲವಾಡಿಗೋ ಶಾಲೆಗೋ ಹಂಚಲು ಕಳಿಸುವವರು ಅಲ್ಲಿನ ಶಿಕ್ಷಕಿಯನ್ನು ಮುಂಚಿತವಾಗಿ ಕೇಳಿ, ಏನೇನು ಹಾಕಿದೆಯೆಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿದರೆ ಅವರ ಅರ್ಧ ಚಿಂತೆ ಕಳೆಯುತ್ತದೆ. ಊಟದ ತಟ್ಟೆಯಲ್ಲಿ ಆಯ್ಕೆಯಿರಬೇಕೆಂಬುದು ಶಾಲೆಗಳಿಗೆ ಹೊಸ ವಿಚಾರವೂ ಅಲ್ಲ: 2022ರಲ್ಲಿ ರಾಜ್ಯದೆಲ್ಲೆಡೆ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ, ಒಲ್ಲದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಎಂಬ ಏರ್ಪಾಡಿತ್ತು. ಚಿಕ್ಕಿಯಲ್ಲಿದ್ದದ್ದು ನೆಲಗಡಲೆ ಎಂಬುದು ಬೇರೆ ಮಾತು.

ಎಷ್ಟು ಜಾಗ್ರತೆ ವಹಿಸಿದರೂ ತಪ್ಪಾಗುವುದುಂಟು. ತಿಂದ ಮಗುವಿನ ದನಿ ಒಡೆದರೆ, ಕೆಮ್ಮು-ಉಬ್ಬಸ ಶುರುವಾದರೆ, ಮೈಯೆಲ್ಲ ದದ್ದೆದ್ದು ವಾಂತಿಯಾಗಿ ಮಗು ಸೋತು ಮಲಗಿದರೆ, ಮನೆಮದ್ದು ಹುಡುಕುತ್ತ ಕೂರಬಾರದು. ಅದಕ್ಕಿರುವ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಸಿರಪ್ಪು ಅದರ ಬದಲಿಯಲ್ಲ. ಮಗುವನ್ನು ಮಲಗಿಸಿಕೊಂಡು, ಉಸಿರಾಟ ಕಷ್ಟವಾದರೆ ಆನಿಸಿ ಕೂರಿಸಿಕೊಂಡು, ನಡೆಸದೆ, ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಅಂಕೋಲೆಯ ಹಳ್ಳಿಯವರು ಇಂಥ ಹೊತ್ತಿನಲ್ಲಿ ದೊಡ್ಡ ಆಸ್ಪತ್ರೆಯೇ ಆಗಬೇಕೆಂದು ಕಾರವಾರದ ದಾರಿ ಹಿಡಿಯದೆ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಚುಚ್ಚುಮದ್ದು ಹಾಕಿಸುವುದು ಮೇಲು. ಮೂವತ್ತಕ್ಕೂ ಹೆಚ್ಚು ಕಿಲೋಮೀಟರಿನ ಹಾದಿ ಆ ಗಳಿಗೆಗೆ ಬಹಳ ಉದ್ದ.

ತವಸಳಿ ಮಾಡಿದ ದಿನವೇ ರುಚಿ. ತೇವದ ತಿಂಡಿಯಾದ್ದರಿಂದ ಸೆಕೆಯ ದಿನಗಳಲ್ಲಿ ಹೊರಗಿಟ್ಟರೆ ಸಂಜೆಗೇ ಹಳಸುತ್ತದೆ. ಉಳಿದರೆ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೆಳಿಗ್ಗೆ ತೆಳ್ಳಗೆ ಕೊಯ್ದು ಕಾವಲಿಯ ಮೇಲೆ ಕೊಬ್ಬರಿ ಎಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಸುಟ್ಟು ಕೊಡಬಹುದು. ಮಕ್ಕಳು ಹಿಂದಿನ ದಿನದ್ದಕ್ಕಿಂತ ಇದನ್ನೇ ಇಷ್ಟಪಡುವುದೂ ಉಂಟು.